ಲೆವಾಂಡೋವ್‌ಸ್ಕಿ ಅಂದ್ರೆ ಫುಟ್‌ಬಾಲ್ ಅಲ್ಲ: ಸಿನಗಾಗ್‌ನ ಹಾಡಿಗೆ ನಾಲ್ಕು ದನಿ ಕೊಟ್ಟ ಕಂಡಕ್ಟರ್

ಕಂಡಕ್ಟರ್ ಅಂದ್ರೆ ನಮಗೆ ಮೊದಲು ನೆನಪಾಗೋದು ಬಸ್ಸು. ಲೆವಾಂಡೋವ್‌ಸ್ಕಿ ಅಂದ್ರೆ ಫುಟ್‌ಬಾಲ್. ಇವತ್ತು ನಾನು ಹೇಳೋಕೆ ಹೊರಟಿರೋದು ಎರಡೂ ಅಲ್ಲ. 19ನೇ ಶತಮಾನದ ಬರ್ಲಿನ್‌ನಲ್ಲಿ ಯಹೂದಿ ಪ್ರಾರ್ಥನಾ ಸಂಗೀತಕ್ಕೆ ಇಡೀ ಬದುಕು ಕೊಟ್ಟ ಲೂಯಿಸ್ ಲೆವಾಂಡೋವ್‌ಸ್ಕಿ ಅನ್ನೋ ವೃಂದಗಾನದ ಕಂಡಕ್ಟರ್ ಬಗ್ಗೆ.

ಮೊದಲು ಒಂದು ವಿಷಯ ಅರ್ಥ ಮಾಡ್ಕೊಳ್ಳೋಣ. ಯಹೂದಿಗಳ ಪ್ರಾರ್ಥನಾ ಮಂದಿರವೇ ಸಿನಗಾಗ್. ಅಲ್ಲಿ ಪ್ರಾರ್ಥನೆಯನ್ನು ಹಾಡಿ ನಡೆಸಿಕೊಡುವವರು ಕ್ಯಾಂಟರ್. ವಾರದ ದಿನಕ್ಕೊಂದು ಧಾಟಿ, ಸಬ್ಬತ್‌ಗೆ ಅಂದ್ರೆ ಶನಿವಾರದ ವಿಶ್ರಾಂತಿ ದಿನಕ್ಕೆ ಇನ್ನೊಂದು, ಹಬ್ಬಕ್ಕೆ ಮತ್ತೊಂದು. ಇದಕ್ಕೆ ‘ನುಸಖ್’ ಅಂತಾರೆ. ನಮ್ಮಲ್ಲಿ ಹೊತ್ತಿಗೆ ತಕ್ಕ ರಾಗ ಇರುತ್ತಲ್ಲ, ಸುಮಾರಾಗಿ ಹಾಗೆ. ಹೆಚ್ಚಿನದೆಲ್ಲ ಬಾಯಿಂದ ಬಾಯಿಗೆ ಬಂದದ್ದು. ತಾಳದ ಕಟ್ಟಿಲ್ಲದೆ ಕ್ಯಾಂಟರ್ ಮನೋಧರ್ಮದಂತೆ ಸಾಗುವ ಹಾಡುಗಾರಿಕೆ.

ಲೆವಾಂಡೋವ್‌ಸ್ಕಿ ಹುಟ್ಟಿದ್ದು 1821ರಲ್ಲಿ, ಆಗ ಪ್ರಷ್ಯಾಕ್ಕೆ ಸೇರಿದ್ದ ವ್ರೆಶೆನ್ ಎಂಬ ಊರಲ್ಲಿ. ಈಗ ಅದು ಪೋಲೆಂಡ್‌ನಲ್ಲಿದೆ. ಬಡ ಹುಡುಗ. ಚಿಕ್ಕ ವಯಸ್ಸಲ್ಲೇ ಬರ್ಲಿನ್‌ಗೆ ಬಂದು ಕ್ಯಾಂಟರ್ ಜೊತೆ ದನಿಗೂಡಿಸುವ ಕೆಲಸಕ್ಕೆ ಸೇರಿದ. ಪ್ರಸಿದ್ಧ ಸಂಗೀತಗಾರ ಫೆಲಿಕ್ಸ್ ಮೆಂಡೆಲ್‌ಸನ್ ಅವರ ದಾಯಾದಿ ಅಲೆಕ್ಸಾಂಡರ್ ಮೆಂಡೆಲ್‌ಸನ್ ನೆರವಾದರು. ಬರ್ಲಿನ್‌ನ ಕಲಾ ಅಕಾಡೆಮಿಗೆ ಸೇರಿದ ಮೊದಲ ಯಹೂದಿ ವಿದ್ಯಾರ್ಥಿ ಇವನೇ ಅಂತಾರೆ. ಆಮೇಲೆ ಕಾಯಿಲೆ ಬಿದ್ದು ಓದು ನಿಂತಿತು. ದೊಡ್ಡ ಕಛೇರಿ ಸಭಾಂಗಣಗಳ ಕನಸು ಅಲ್ಲಿಗೇ ಉಳಿಯಿತು.

1840ರ ದಶಕದಲ್ಲಿ ಬರ್ಲಿನ್‌ನ ಯಹೂದಿ ಸಮುದಾಯ ಅವರನ್ನು ವೃಂದಗಾನದ ನಿರ್ದೇಶಕರನ್ನಾಗಿ ಮಾಡಿತು. ಆ ಊರಿನ ಸಿನಗಾಗ್‌ಗೆ ಅದು ಹೊಸ ಹುದ್ದೆ. 1866ರಲ್ಲಿ ಒರಾನಿಯನ್‌ಬುರ್ಗರ್ ಬೀದಿಯಲ್ಲಿ ‘ಹೊಸ ಸಿನಗಾಗ್’ ತೆರೆಯಿತು. ಸುಮಾರು 3,200 ಆಸನ, ಮೇಲೆ ಚಿನ್ನದ ಬಣ್ಣದ ಗುಮ್ಮಟ. ಉದ್ಘಾಟನೆಗೆ ಬಿಸ್ಮಾರ್ಕ್ ಕೂಡ ಬಂದಿದ್ದರು. ಅಲ್ಲಿನ ಸಂಗೀತದ ಹೊಣೆ ಲೆವಾಂಡೋವ್‌ಸ್ಕಿಯದು.

ಜಗಳ ಶುರುವಾಗಿದ್ದು ಆರ್ಗನ್ ವಿಷಯಕ್ಕೆ. ಸಬ್ಬತ್ ದಿನ ವಾದ್ಯ ನುಡಿಸೋದು ಧರ್ಮಕ್ಕೆ ವಿರುದ್ಧ, ಜೆರುಸಲೇಮಿನ ದೇವಾಲಯ ನಾಶವಾದ ದುಃಖ ಇನ್ನೂ ಮುಗಿದಿಲ್ಲ, ಅದೂ ಅಲ್ದೆ ಆರ್ಗನ್ ಚರ್ಚಿನ ವಾದ್ಯ. ಇದು ಸಂಪ್ರದಾಯಸ್ಥರ ವಾದ. ಅಷ್ಟು ದೊಡ್ಡ ಸಭೆಯನ್ನು ಒಂದೇ ದನಿಯಲ್ಲಿ ಹಾಡಿಸೋಕೆ ಆಸರೆ ಬೇಕಲ್ವಾ ಅನ್ನೋದು ಇನ್ನೊಂದು ಕಡೆಯವರ ಮಾತು. ಲೆವಾಂಡೋವ್‌ಸ್ಕಿ ಆರ್ಗನ್ ಪರ ನಿಂತರು, ಆರ್ಗನ್ ಬಂತು. ಇಂಥ ಸುಧಾರಣೆಗಳನ್ನು ಒಪ್ಪದವರು 1869ರಲ್ಲಿ ‘ಅದಸ್ ಯಿಸ್ರೋಯೆಲ್’ ಅಂತ ಬೇರೆ ಸಮುದಾಯವನ್ನೇ ಕಟ್ಟಿಕೊಂಡರು.

ನನಗೆ ಲೆವಾಂಡೋವ್‌ಸ್ಕಿ ಇಷ್ಟವಾಗೋದು ಅವರು ಆಮೇಲೆ ಮಾಡಿದ ಕೆಲಸಕ್ಕೆ. 1871ರಲ್ಲಿ ‘ಕೋಲ್ ರಿನ್ನಾ’ ಎಂಬ ಸಂಗ್ರಹ ತಂದರು. ಅದರಲ್ಲಿ ಹಳೆಯ ಧಾಟಿಗಳನ್ನು ಸ್ವರಲಿಪಿಗಿಳಿಸಿ, ಸಣ್ಣ ಊರಿನ ಕ್ಯಾಂಟರ್ ಕೂಡ ಹಾಡುವ ಹಾಗೆ ಕೊಟ್ಟರು. 1876ರಿಂದ 1882ರ ನಡುವೆ ಬಂದ ‘ತೋದಾ ವೆಜಿಮ್ರಾ’ದಲ್ಲಿ ನಾಲ್ಕು ದನಿಗಳ ಏರ್ಪಾಡು. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ಸ್ವರ ಹಾಡ್ತಾರೆ. ಇಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಬೇರೆ ಬೇರೆ ಸ್ವರ ಹಿಡಿದು ಒಂದಾಗಿ ಕೇಳಿಸ್ತಾರೆ. ಪದಗಳು ಹೀಬ್ರೂ, ಸ್ವರ ಸಂಯೋಜನೆ ಮೆಂಡೆಲ್‌ಸನ್ ಶೈಲಿಗೆ ಹತ್ತಿರ. ಮುಖ್ಯ ವಿಷಯ: ಆರ್ಗನ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅನ್ನೋ ಹಾಗೆ ಬರೆದರು. ಹಾಗಾಗಿ ಆರ್ಗನ್ ಇಡದ ಸಿನಗಾಗ್‌ಗಳೂ ಇದನ್ನು ಹಾಡಬಹುದಿತ್ತು.

ಬೆಲೆ ತೆರಲಿಲ್ಲ ಅಂತಲ್ಲ. ಅಳತೆಗೆ ಕೂರಿಸಿದಾಗ ಮನೋಧರ್ಮದ ಸ್ವಾತಂತ್ರ್ಯ ಕಡಿಮೆಯಾಗುತ್ತೆ. ಆದ್ರೆ ಬರೆದಿಟ್ಟದ್ದರ ಬೆಲೆ ಮುಂದೆ ಗೊತ್ತಾಯ್ತು.

ಅವರು ತೀರಿಕೊಂಡಿದ್ದು 1894ರಲ್ಲಿ. 1938ರ ನವೆಂಬರ್‌ನಲ್ಲಿ ನಾಜಿಗಳು ಜರ್ಮನಿಯ ಉದ್ದಗಲಕ್ಕೂ ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು. ಹೊಸ ಸಿನಗಾಗ್‌ಗೂ ನುಗ್ಗಿದರು. ಇದು ಸಂರಕ್ಷಿತ ಕಟ್ಟಡ ಅಂತ ಒಬ್ಬ ಪೊಲೀಸ್ ಅಧಿಕಾರಿ ಅಡ್ಡ ನಿಂತು ಬೆಂಕಿ ಆರಿಸೋಕೆ ಕಾರಣರಾದರು. 1943ರ ಬಾಂಬ್ ದಾಳಿಯಿಂದ ಮಾತ್ರ ಕಟ್ಟಡ ಉಳಿಯಲಿಲ್ಲ. 1958ರಲ್ಲಿ ಮುಖ್ಯ ಸಭಾಂಗಣವನ್ನು ಕೆಡವಲಾಯಿತು. ಅಲ್ಲಿ ಹಾಡ್ತಿದ್ದ ಸಮುದಾಯ ಅಷ್ಟರಲ್ಲಿ ಕೊಲೆಯಾಗಿತ್ತು, ಇಲ್ಲವೇ ದೇಶ ಬಿಟ್ಟು ಚದುರಿತ್ತು.

ಆದ್ರೆ ದೇಶ ಬಿಟ್ಟವರ ಜೊತೆ ಹಾಡೂ ಹೋಯ್ತು. ಲಂಡನ್, ನ್ಯೂಯಾರ್ಕ್, ಜೋಹಾನ್ಸ್‌ಬರ್ಗ್, ಹೀಗೆ. ಇವತ್ತಿಗೂ ಅನೇಕ ಸಿನಗಾಗ್‌ಗಳಲ್ಲಿ ಅವರ ಸಂಯೋಜನೆಗಳನ್ನು ಹಾಡ್ತಾರೆ. ಯಾರದ್ದು ಅಂತ ಗೊತ್ತಿಲ್ಲದೆ ಹಾಡುವವರೂ ಇದ್ದಾರೆ. ಗುಮ್ಮಟ ಮತ್ತು ಮುಂಭಾಗ ದುರಸ್ತಿಯಾಗಿ, 1995ರಿಂದ ಆ ಕಟ್ಟಡ ಸಾರ್ವಜನಿಕರಿಗೆ ತೆರೆದಿದೆ. 2011ರಲ್ಲಿ ಅವರ ಹೆಸರಲ್ಲೇ ಬರ್ಲಿನ್‌ನಲ್ಲಿ ವೃಂದಗಾನದ ಉತ್ಸವ ಶುರುವಾಯ್ತು.

ಕೇಳಬೇಕು ಅನ್ನಿಸಿದ್ರೆ ನಿಮ್ಮ ಮ್ಯೂಸಿಕ್ ಆ್ಯಪ್‌ನಲ್ಲಿ ‘ಲೆವಾಂಡೋವ್‌ಸ್ಕಿ ಹಲ್ಲೆಲೂಯಾ’ ಅಂತ ಹುಡುಕಿ. 150ನೇ ಕೀರ್ತನೆಗೆ ಅವರು ಮಾಡಿದ ಸಂಯೋಜನೆ ಅದು. ಇಯರ್‌ಫೋನ್ ಹಾಕ್ಕೊಂಡು ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಕೆಳಗಿನ ಬೇಸ್ ದನಿಯನ್ನಷ್ಟೇ ಹಿಂಬಾಲಿಸಿ. ನಾಲ್ಕು ದನಿ ಅಂದ್ರೆ ಏನು ಅನ್ನೋದು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಅದೇ ಹೇಳುತ್ತೆ. ಮತ್ತೆ ಸಿಗೋಣ.