ಚುಕ್ಕಿ ಕಂಡ ಕೂಡಲೇ ಇವ್ಯಾಲ್ ಏಕೆ?

‘ಡೇಟಾಬೇಸ್.ಮುಖ್ಯ.ಪೋರ್ಟ್’ ಎಂಬ ಸ್ಟ್ರಿಂಗ್ ಇದೆ. ಚುಕ್ಕಿಗೊಂದು ಹಂತದಂತೆ ಅರೇಯೊಳಗೆ ಅರೇ ಕಟ್ಟಿ, ತಳದಲ್ಲಿ 3306 ಇಡಬೇಕು. ಎಷ್ಟು ಹಂತ ಬರುತ್ತದೋ ಮೊದಲೇ ಗೊತ್ತಿಲ್ಲ. ಪಿಎಚ್‌ಪಿಯಲ್ಲಿ ಇದಕ್ಕೆ ಇವ್ಯಾಲ್ ಬಿಟ್ಟರೆ ಗತಿಯಿಲ್ಲ ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇದು ಶುದ್ಧ ಸುಳ್ಳು.

ಇವ್ಯಾಲ್ ದಾರಿಯಲ್ಲಿ ಆಗುವುದಿಷ್ಟೆ: ಕೀಗಳನ್ನು ಆವರಣ, ಕೋಟ್‌ಗಳ ನಡುವೆ ಪೋಣಿಸಿ ಒಂದು ಸಾಲು ಕೋಡ್ ತಯಾರಿಸಿ, ಅದನ್ನು ಓಡಿಸುವುದು. ‘ಓಡ್ತಿದೆಯಲ್ಲ ಸಾರ್’ ಅಂದ ಹುಡುಗನ ಎದುರಿಗೇ ಕೀಯೊಳಗೆ ಒಂದು ಸಿಂಗಲ್ ಕೋಟ್ ಹಾಕಿದೆ. ಪಾರ್ಸ್ ಎರರ್ ಬಂತು. ಆ ಕೀ ಹೊರಗಿನವರು ತುಂಬಿದ ಫಾರ್ಮ್‌ನಿಂದ ಬಂದಿದ್ದರೆ? ಕೋಟ್ ಮುಚ್ಚಿ, ಮುಂದಕ್ಕೆ ಫೈಲ್ ಅಳಿಸುವ ಆಜ್ಞೆ ಬರೆದವನ ಮಾತನ್ನೂ ಸರ್ವರ್ ನಡೆಸಿಕೊಡುತ್ತದೆ. ಡಿಸೇಬಲ್ ಫಂಕ್ಷನ್ಸ್ ಪಟ್ಟಿಗೆ ಸೇರಿಸಿದರೂ ಇವ್ಯಾಲ್ ನಿಲ್ಲದು. ಅದು ಫಂಕ್ಷನ್ ಅಲ್ಲ, ಭಾಷೆಯದೇ ಅಂಗ.

ಬೇಕಾದದ್ದು ಎಕ್ಸ್‌ಪ್ಲೋಡ್, ಒಂದು ಫೋರ್‌ಈಚ್, ಒಂದು ರೆಫರೆನ್ಸ್. ಎಕ್ಸ್‌ಪ್ಲೋಡ್ ಮೂರು ತುಂಡು ಕೊಡುತ್ತದೆ. ರೆಫರೆನ್ಸ್ ಮೊದಲು ಇಡೀ ಅರೇಯ ಮೇಲೆ ನಿಂತಿರುತ್ತದೆ. ಪ್ರತಿ ಸುತ್ತಿನಲ್ಲೂ ಆಯಾ ತುಂಡಿನ ಹೆಸರಿನ ಮನೆಗೆ ಇಳಿಯುತ್ತದೆ. ಮನೆ ಇಲ್ಲದಿದ್ದರೆ ಪಿಎಚ್‌ಪಿಯೇ ಕಟ್ಟುತ್ತದೆ, ಗೊಣಗುವುದೂ ಇಲ್ಲ. ಸುತ್ತು ಮುಗಿದಾಗ ಅದು ‘ಪೋರ್ಟ್’ ಮೇಲಿರುತ್ತದೆ. ಅಲ್ಲಿ 3306 ಇಟ್ಟರಾಯಿತು. ಆಂಪರ್ಸ್ಯಾಂಡ್ ಮಾತ್ರ ಮರೆಯಬೇಡಿ. ಅದಿಲ್ಲದೆ ಅಸೈನ್ ಮಾಡಿದರೆ ಸಿಗುವುದು ನಕಲು, ಮೂಲ ಅರೇ ಖಾಲಿಯಾಗಿಯೇ ಉಳಿಯುತ್ತದೆ. ‘ಮುಖ್ಯ’ಕ್ಕೆ ಮೊದಲೇ ಬರಿಯ ಸಂಖ್ಯೆ ಕೊಟ್ಟಿದ್ದರೆ ಅದರೊಳಗೆ ಇಳಿಯಲಾಗದೆ ಎರರ್ ಬರುತ್ತದೆ, ಅದನ್ನು ಪರೀಕ್ಷಿಸಿಕೊಳ್ಳಬೇಕು. ಕೊನೆಗೆ ರೆಫರೆನ್ಸನ್ನು ಅನ್‌ಸೆಟ್ ಮಾಡಿ. ಇಲ್ಲವಾದರೆ ಮುಂದೆಲ್ಲೋ ಅದೇ ಹೆಸರಿಗೆ ಬೇರೇನೋ ಕೊಟ್ಟಾಗ 3306 ಅಳಿಸಿಹೋಗುತ್ತದೆ. ಅನ್‌ಸೆಟ್ ಮಾಡಿದರೆ ವ್ಯಾಲ್ಯೂ ಕೂಡ ಹೋಗುತ್ತದೆಂಬ ಹೆದರಿಕೆ ಬೇಡ; ಕಳಚುವುದು ಕೊಂಡಿ ಮಾತ್ರ.

ವೇರಿಯಬಲ್ ವೇರಿಯಬಲ್‌ನಿಂದಲೂ ಆಗುತ್ತದೆ ಎನ್ನುವವರಿದ್ದಾರೆ. ಆಗುವುದಿಲ್ಲ: ಆವರಣ ಸಮೇತ ಇಡೀ ಸ್ಟ್ರಿಂಗೇ ಒಂದು ವೇರಿಯಬಲ್ಲಿನ ಹೆಸರಾಗಿಬಿಡುತ್ತದೆ. ರಿಕರ್ಶನ್ ಬೇಕೇ ಬೇಕೆಂಬುದೂ ಸುಳ್ಳು. ಸ್ಟ್ರಿಂಗ್ ಕೀ ಸ್ಟ್ರಿಂಗಾಗಿಯೇ ಉಳಿಯುತ್ತದೆ ಎಂದೂ ನಂಬಬೇಡಿ: ‘8’ ಪೂರ್ಣಾಂಕವಾಗುತ್ತದೆ, ‘08’ ಆಗುವುದಿಲ್ಲ.

ಯಾರೋ ಬರೆದದ್ದು ಒಮ್ಮೆ ಓಡಿದರೆ ಅದೇ ವೇದವಾಕ್ಯ ಎಂದುಕೊಳ್ಳುವ ಈ ಚಾಳಿ ಕಂಡರೆ ಸಂಕಟವಾಗುತ್ತದೆ. ಪಿಎಚ್‌ಪಿ ಕೈಪಿಡಿಯ ಇವ್ಯಾಲ್ ಪುಟದಲ್ಲೇ ಇದು ತುಂಬಾ ಅಪಾಯಕಾರಿ ಎಂಬ ಎಚ್ಚರಿಕೆಯಿದೆ. ಆ ಹುಡುಗ ಎರಡು ವರ್ಷದಿಂದ ಇವ್ಯಾಲ್ ಬಳಸುತ್ತಿದ್ದ. ಪುಟ ತೆರೆದದ್ದು ಅಂದೇ ಮೊದಲು.