ಕಾಲ್ಚೆಂಡಿನ ಗೆಲುವೂ ಅಭಿಮಾನಿಯ ಹೃದಯವೂ

ಮೈದಾನದಲ್ಲಿ ಆಡುವವರು ಇಪ್ಪತ್ತೆರಡು ಮಂದಿ. ಬೆವರುವವರು ಮಾತ್ರ ಸಾವಿರಾರು ಮಂದಿ. ಊರು ಬಿಟ್ಟು ಪುಣೆಯಂತಹ ಮಹಾನಗರದಲ್ಲಿ ನೆಲೆಸಿದ ಕನ್ನಡಿಗನಿಗಂತೂ ತವರಿನ ತಂಡವೆಂದರೆ ತವರೇ ಸರಿ.

2019ರ ಮಾರ್ಚ್ 17, ಭಾನುವಾರ. ಮುಂಬಯಿಯ ಅಂಧೇರಿಯಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ, ಬೆಂಗಳೂರು ಎಫ್.ಸಿ.ಗೆ ಎದುರಾಳಿ ಎಫ್.ಸಿ. ಗೋವಾ. ಹಿಂದಿನ ವರ್ಷ ಅದೇ ದಿನಾಂಕದಂದು ಬೆಂಗಳೂರು ತಂಡ ತನ್ನ ಮನೆಯಂಗಳವಾದ ಕಂಠೀರವದಲ್ಲೇ ಚೆನ್ನೈಯಿನ್ ತಂಡಕ್ಕೆ 2–3ರಿಂದ ಸೋತಿತ್ತು. ಆ ಗಾಯ ಇನ್ನೂ ಹಸಿಯಾಗಿತ್ತು. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ 117ನೆಯ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಮೂಲೆಯಿಂದ ಒದ್ದ ಚೆಂಡಿಗೆ ರಾಹುಲ್ ಭೇಕೆ ತಲೆಗೊಟ್ಟರು. 1–0! ಉಳಿದ ಮೂರು ನಿಮಿಷಗಳು ದೂರದರ್ಶನದ ಮುಂದೆ ಕುಳಿತವನಿಗೆ ಮೂರು ಯುಗಗಳು.

ಇಂತಹ ಗಳಿಗೆಯಲ್ಲಿ ಅಭಿಮಾನಿಯ ದೇಹದಲ್ಲಿ ನಡೆಯುವುದೇನು? ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಾಲಿನ್ ಸ್ರವಿಸುತ್ತವೆ. ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ, ಅಂಗೈ ಬೆವರುತ್ತದೆ. ಆರೋಗ್ಯವಂತನಲ್ಲಿ ಇದು ಬೇಗನೆ ಶಮನವಾಗುತ್ತದೆ. ಹೃದಯದ ರಕ್ತನಾಳಗಳು ಮೊದಲೇ ಕಿರಿದಾಗಿರುವವರಿಗೆ ಇದೇ ಕಂಟಕವಾಗಬಹುದು.

ಇದು ಬರಿಯ ಊಹೆಯಲ್ಲ. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಪ್ರದೇಶದ ವೈದ್ಯರು ಲೆಕ್ಕವಿಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು 2.66 ಪಟ್ಟು ಆದವು, ಪುರುಷರಲ್ಲಿ 3.26 ಪಟ್ಟು, ಸ್ತ್ರೀಯರಲ್ಲಿ 1.82 ಪಟ್ಟು. ಪಂದ್ಯ ಆರಂಭವಾದ ಎರಡು ಗಂಟೆಗಳೊಳಗೆ ಅಪಾಯ ಅತಿ ಹೆಚ್ಚು. ಗಮನಾರ್ಹವೆಂದರೆ, ಸೋಲು ಗೆಲುವುಗಳಿಗಿಂತ ಪಂದ್ಯದ ಬಿಗುವೇ ಮುಖ್ಯ ಕಾರಣವೆಂದು ಅವರಿಗೆ ಕಂಡಿತು. ಆದ್ದರಿಂದ ಕೂದಲೆಳೆಯ ಗೆಲುವೂ ಹೃದಯಕ್ಕೆ ಹಗುರವಲ್ಲ.

ಹಾಗೆಂದು ಆಟ ನೋಡುವುದನ್ನು ಬಿಡಬೇಕಾಗಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ಪಂದ್ಯದ ಗಡಿಬಿಡಿಯಲ್ಲಿ ಮರೆಯಬಾರದು. ಕಾತರ ಹೆಚ್ಚಿದಾಗ ಸಿಗರೇಟು ಹಚ್ಚುವುದು ಬೆಂಕಿಗೆ ತುಪ್ಪ ಸುರಿದಂತೆ. ಹೊಟ್ಟೆ ಬಿರಿಯೆ ಉಂಡು ಕೂರುವುದೂ ಸಲ್ಲದು. ವಿರಾಮದಲ್ಲಿ ಎದ್ದು ನಾಲ್ಕು ಹೆಜ್ಜೆ ನಡೆದು, ನಿಧಾನವಾಗಿ ಉಸಿರಾಡುವುದು ಹಿತಕರ. ಎದೆಯಲ್ಲಿ ಒತ್ತಿದಂತಹ ನೋವು, ಅದು ತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ — ಇವು ಕಂಡರೆ ವಾಯುವೆಂದು ಜೀರಿಗೆ ಕಷಾಯ ಕುಡಿದು, ಆಟ ಮುಗಿಯಲೆಂದು ಕಾಯುವುದು ಪ್ರಾಣಕ್ಕೇ ಸಂಚಕಾರ. ತಕ್ಷಣ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು. ಮನೆಯವರಿಗೂ ಈ ಲಕ್ಷಣಗಳು ತಿಳಿದಿರಲಿ. ಏಕೆಂದರೆ ಆಟದಲ್ಲಿ ಮುಳುಗಿದವನು ತನ್ನ ನೋವನ್ನು ತಾನೇ ಅಲ್ಲಗಳೆಯುತ್ತಾನೆ.

ಪ್ರಶಸ್ತಿಗೆ ಒಂದು ವರ್ಷ ತಪ್ಪಿದರೆ ಮತ್ತೊಂದು ವರ್ಷವುಂಟು. ಬೆಂಗಳೂರು ತಂಡವೇ ಅದನ್ನು ತೋರಿಸಿಕೊಟ್ಟಿದೆ. ಹೃದಯಕ್ಕೆ ಹೆಚ್ಚುವರಿ ಅವಧಿ ಸಿಕ್ಕೀತೆಂಬ ಭರವಸೆಯಿಲ್ಲ. ಅಭಿಮಾನ ಉಳಿಯಲಿ, ಅಭಿಮಾನಿಯೂ ಉಳಿಯಲಿ.