ಗುಳ್ಳೆ ಕಿರಿದಾದ ಕಥೆ

ಥರ್ಮೋಕೋಲ್ ಹಲಗೆಯ ಗಾತ್ರದಲ್ಲಿ ಶೇ 95ಕ್ಕೂ ಹೆಚ್ಚು ಪಾಲು ಬರೀ ಗಾಳಿ. ದುಡ್ಡು ಕೊಟ್ಟು ನಾವು ಕೊಳ್ಳುವುದು ಬಹುಮಟ್ಟಿಗೆ ಗುಳ್ಳೆಗಳನ್ನೇ. ಆ ಗುಳ್ಳೆ ಎಷ್ಟು ಕಿರಿದು, ಅದರ ಗೋಡೆ ಎಷ್ಟು ಗಟ್ಟಿ ಎಂಬುದರ ಮೇಲೆ ಇಂಥ ಫೋಮಿನ ಯೋಗ್ಯತೆ ನಿಂತಿದೆ. ಇವೆರಡನ್ನೂ ಹತೋಟಿಗೆ ತರಲು ನೆರವಾದದ್ದು ಒಂದಿಷ್ಟು ಜೇಡಿಮಣ್ಣು!

ಮೊದಮೊದಲು ಗುಳ್ಳೆಯೆಂದರೆ ದೋಷವೇ. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬೇಯರ್ 1937ರಲ್ಲಿ ಪಾಲಿಯುರೆಥೇನ್ ರೂಪಿಸಿದರು. ತೇವ ಸೇರಿದಾಗ ಅದರೊಳಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ತೂತುಗಳಾಗುತ್ತಿದ್ದವು. ‘ಸ್ವಿಸ್ ಚೀಸ್‌ನ ನಕಲು ಮಾಡಲಷ್ಟೇ ಲಾಯಕ್ಕು’ ಎಂದು ಯಾರೋ ಗೇಲಿ ಮಾಡಿದರಂತೆ. ಆ ತೂತೇ ಮುಂದೆ ಹಾಸಿಗೆಯಾಯಿತು, ಕಾರಿನ ಸೀಟಾಯಿತು.

ಆದರೆ ಹಗುರಾಗುವುದಕ್ಕೆ ಬೆಲೆ ತೆರಬೇಕಿತ್ತು. ಫೋಮಿನ ಸಾಂದ್ರತೆ ಅರ್ಧವಾದರೆ, ಬಾಗದೆ ನಿಲ್ಲುವ ಗುಣ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಇದಕ್ಕೊಂದು ದಾರಿ ಹುಡುಕಿದವರು ಅಮೆರಿಕದ ಎಂಐಟಿಯ ನಾಮ್ ಸು. ಪ್ಲಾಸ್ಟಿಕ್ ಉಳಿತಾಯವಾಗಬೇಕು, ಗಟ್ಟಿತನ ತಗ್ಗಬಾರದು ಎಂಬುದು ಈಸ್ಟ್‌ಮನ್ ಕೊಡಾಕ್ ಕಂಪನಿಯ ಬೇಡಿಕೆಯಾಗಿತ್ತು. ಪ್ಲಾಸ್ಟಿಕ್‌ನಲ್ಲಿ ಮೊದಲೇ ಇರುವ ಸಣ್ಣ ಬಿರುಕುಗಳಿಗಿಂತಲೂ ಗುಳ್ಳೆ ಚಿಕ್ಕದಾದರೆ ಅದರಿಂದ ಕೇಡಿಲ್ಲ ಎಂದು ಸು ತರ್ಕಿಸಿದರು. 1984ರಲ್ಲಿ ಅವರಿಗೂ ಅವರ ಶಿಷ್ಯರಿಗೂ ಇದಕ್ಕೆ ಪೇಟೆಂಟ್ ಸಿಕ್ಕಿತು.

ಅದೇ ದಶಕದಲ್ಲಿ ಜಪಾನಿನ ಟೊಯೊಟಾ ಸಂಶೋಧನಾಲಯದವರು ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯನ್ನು ನೈಲಾನಿನೊಳಗೆ ಪದರ ಪದರವಾಗಿ ಬಿಡಿಸಿ ಹರಡಿದರು. ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೊಮೀಟರ್. ನೂರಕ್ಕೆ ಐದು ಪಾಲೂ ಇಲ್ಲದ ಜೇಡಿಯಿಂದ ನೈಲಾನಿನ ಬಿಗುಪು ದುಪ್ಪಟ್ಟಾಯಿತು.

ಈ ಎರಡು ಹಾದಿಗಳು ಕೂಡಿದ್ದು 2000ದ ಆಸುಪಾಸಿನಲ್ಲಿ. ಓಜೋನ್ ಪದರ ಉಳಿಸಲು ಬಂದ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಸಿಎಫ್‌ಸಿ ಅನಿಲಗಳಿಂದ ಫೋಮು ಉಬ್ಬಿಸುವ ಕಾಲ ಮುಗಿಯುತ್ತ ಬಂತು. ಬದಲಿಗೆ ಇಂಗಾಲದ ಡೈಆಕ್ಸೈಡ್ ಇತ್ತು, ಆದರೆ ಅದು ಬೇಗ ಸೋರಿಹೋಗುತ್ತದೆ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಲೀ ತಂಡ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ಗೆ ನೂರಕ್ಕೆ ಐದು ಪಾಲು ನ್ಯಾನೊಜೇಡಿ ಬೆರೆಸಿ, ಈ ಅನಿಲದಿಂದಲೇ ಉಬ್ಬಿಸಿತು. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಜೇಡಿಯಿಲ್ಲದ ಫೋಮಿನಲ್ಲಿ ಗುಳ್ಳೆಯ ಅಳತೆ 25.3 ಮೈಕ್ರಾನ್, ಘನ ಸೆಂಟಿಮೀಟರಿಗೆ 2.7 ಕೋಟಿ ಗುಳ್ಳೆ. ಜೇಡಿಯ ಪದರಗಳು ಪೂರ್ತಿ ಬಿಡಿಬಿಡಿಯಾಗಿ ಹರಡಿದಾಗ ಗುಳ್ಳೆ 4.9 ಮೈಕ್ರಾನಿಗೆ ಇಳಿಯಿತು, ಎಣಿಕೆ 150 ಕೋಟಿಗೆ ಏರಿತು.

ಸೋಡಾಕ್ಕೆ ಉಪ್ಪು ಹಾಕಿದಾಗ ಬುಸ್ಸೆಂದು ನೊರೆ ಏಳುವುದಿಲ್ಲವೆ? ಇಲ್ಲಿಯೂ ಅದೇ ನಡೆಯುತ್ತದೆ. ಗುಳ್ಳೆ ಹುಟ್ಟಲು ಒಂದು ನೆಲೆ ಬೇಕು, ಜೇಡಿಯ ಕಣ ಆ ನೆಲೆಯಾಗುತ್ತದೆ. ನೆಲೆಗಳು ಹೆಚ್ಚಿದಷ್ಟೂ ಅನಿಲ ಹಂಚಿಹೋಗಿ ಗುಳ್ಳೆಗಳು ಪುಟ್ಟವಾಗಿಯೇ ಉಳಿಯುತ್ತವೆ. ಚಪ್ಪಟೆ ಪದರಗಳು ಅಡ್ಡ ನಿಂತು ಅನಿಲ ಹೊರಬೀಳುವುದನ್ನೂ ತಡೆಯುತ್ತವೆ. ಜಪಾನಿನ ಮಸಾಮಿ ಒಕಾಮೊಟೊ ಮತ್ತು ಸಂಗಡಿಗರು 2001ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ಪಾಲಿಪ್ರೊಪಿಲೀನ್ ಫೋಮಿನಲ್ಲಿ ಗುಳ್ಳೆ ಉಬ್ಬುತ್ತ ಗೋಡೆ ಹಿಗ್ಗಿದಂತೆ ಜೇಡಿಯ ಪದರಗಳು ತಾವಾಗಿಯೇ ಗೋಡೆಯುದ್ದಕ್ಕೂ ಸಾಲಾಗುತ್ತವೆ. ತೆಳುವಾಗುವ ಗೋಡೆಗೆ ಅಲ್ಲೇ ಬಲ ಸಿಕ್ಕುತ್ತದೆ.

ಕಣ ಬದಲಾದರೆ ಗುಣವೂ ಬದಲು. ಯೊಂಗ್ಲೈ ಯಾಂಗ್, ಮೂಲ್ ಗುಪ್ತ ಮತ್ತು ಸಹೋದ್ಯೋಗಿಗಳು 2005ರಲ್ಲಿ ಇಂಗಾಲದ ನ್ಯಾನೊನಳಿಕೆ ಬೆರೆಸಿದ ಪಾಲಿಸ್ಟೈರೀನ್ ಫೋಮು ವಿದ್ಯುತ್ಕಾಂತೀಯ ಅಲೆಗಳನ್ನು ತಡೆಯುವುದನ್ನು ತೋರಿಸಿದರು. ಮೂಲತಃ ವಿದ್ಯುತ್ ಹರಿಯದ ಫೋಮು ಹೀಗೆ ಹಗುರವಾದ ರಕ್ಷಾಕವಚವೂ ಆಯಿತು.

ಹಾಗೆಂದು ಸುರಿದಷ್ಟೂ ಲಾಭ ಎಂಬ ಲೆಕ್ಕ ನಡೆಯದು. ನ್ಯಾನೊಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಗಂಟಾದರೆ ನೆಲೆಗಳು ಕಡಿಮೆಯಾಗುತ್ತವೆ, ಗೋಡೆ ಅಲ್ಲೇ ಹರಿಯುತ್ತದೆ. ಕಣಗಳನ್ನು ಬಿಡಿಸಿ ಹರಡುವುದೇ ಇಲ್ಲಿನ ಅರ್ಧ ವಿದ್ಯೆ.

ಮುಂದಿನ ಸವಾಲು ಇನ್ನೂ ಸೂಕ್ಷ್ಮ. ಗಾಳಿಯ ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಸರಾಸರಿ 70 ನ್ಯಾನೊಮೀಟರಿನಷ್ಟು ಸಾಗುತ್ತದೆ. ಗುಳ್ಳೆ ಅದಕ್ಕಿಂತ ಕಿರಿದಾದರೆ ಅಣುಗಳು ತಮ್ಮತಮ್ಮೊಳಗೆ ತಾಗುವುದಕ್ಕಿಂತ ಹೆಚ್ಚಾಗಿ ಗೋಡೆಗೇ ತಾಗುತ್ತವೆ. ಗಾಳಿ ಶಾಖ ಸಾಗಿಸುವುದು ಬಹಳ ತಗ್ಗುತ್ತದೆ. ಅಷ್ಟು ಪುಟ್ಟ ಗುಳ್ಳೆ, ಜೊತೆಗೆ ಥರ್ಮೋಕೋಲಿನಷ್ಟೇ ಹಗುರ: ಎರಡನ್ನೂ ಒಟ್ಟಿಗೆ ಅಗ್ಗವಾಗಿ ಸಾಧಿಸುವವರಿಗೆ ಮನೆಯ ಗೋಡೆ, ಫ್ರಿಜ್ಜುಗಳ ದೊಡ್ಡ ಮಾರುಕಟ್ಟೆಯೇ ಕಾದಿದೆ.